ಸರ್ವರ್ ಎಷ್ಟು ದುಡಿದಿದೆ: ಅಪ್‌ಟೈಮ್, ಟಪ್‌ಟೈಮ್, ಡಿಸ್ಕ್ ಗಂಟೆ

ಲಿನಕ್ಸ್ ಸರ್ವರ್‌ಗೆ ಎಷ್ಟು ವಯಸ್ಸಾಯಿತು ಎಂದು ಕೇಳಿದರೆ ಬಹಳ ಜನ ‘ಅಪ್‌ಟೈಮ್’ ಕಮಾಂಡ್ ಕೊಟ್ಟು, ಬಂದ ದಿನಗಳನ್ನು ಓದಿ ಹೇಳುತ್ತಾರೆ. ಆದರೆ ಅದು ಕೊನೆಯ ರೀಬೂಟ್‌ನಿಂದ ಈಚಿನ ಲೆಕ್ಕ ಮಾತ್ರ. ಕರ್ನಲ್ (ಓಎಸ್‌ನ ತಿರುಳು) ಅಪ್‌ಡೇಟ್ ಹಾಕಿ ರೀಬೂಟ್ ಮಾಡಿದರೆ ಐದು ವರ್ಷ ದುಡಿದ ಯಂತ್ರವೂ ಸೊನ್ನೆ ತೋರಿಸುತ್ತದೆ. ಹಳೆಯ 32 ಬಿಟ್ ಕರ್ನಲ್‌ಗಳಲ್ಲಂತೂ ಎಣಿಕೆ 497 ದಿನಕ್ಕೇ ತುಂಬಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಲೈವ್ ಪ್ಯಾಚಿಂಗ್ (ರೀಬೂಟ್ ಮಾಡದೆಯೇ ಕರ್ನಲ್‌ಗೆ ಪ್ಯಾಚ್ ಹಾಕುವ ವ್ಯವಸ್ಥೆ) ಇಲ್ಲದ ಸರ್ವರ್‌ನಲ್ಲಿ ಎರಡು ವರ್ಷದ ಅಪ್‌ಟೈಮ್ ಕಂಡರೆ ನನಗೆ ಖುಷಿಯಲ್ಲ, ಆತಂಕವಾಗುತ್ತದೆ. ಅಷ್ಟು ಕಾಲ ಕರ್ನಲ್‌ನ ಭದ್ರತಾ ಪ್ಯಾಚ್ ಒಂದೂ ಜಾರಿಗೆ ಬಂದಿಲ್ಲ ಎಂದೇ ಅದರ ಅರ್ಥ.

‘ಲಾಸ್ಟ್ ರೀಬೂಟ್’ ಕಮಾಂಡ್ ಹಳೆಯ ರೀಬೂಟ್‌ಗಳನ್ನೂ ತೋರಿಸುತ್ತದೆ, ಆದರೆ ಲಾಗ್ ರೊಟೇಟ್ ಆದಂತೆ, ಅಂದರೆ ಹಳೆಯ ದಾಖಲೆ ಕಡತಗಳು ಅಳಿದಂತೆ, ಇತಿಹಾಸವೂ ಹೋಗುತ್ತದೆ. ‘ಅಪ್‌ಟೈಮ್‌ಡಿ’ ಎಂಬ ಪ್ರೋಗ್ರಾಂ ಅತಿ ದೀರ್ಘ ಓಟಗಳ ಪಟ್ಟಿ ಇಡುತ್ತದೆ. ನನಗೆ ಬೇಕಿದ್ದುದು ಅದಲ್ಲ.

ನನಗೆ ಒಗ್ಗಿದ್ದು ‘ಟಪ್‌ಟೈಮ್’ ಎಂಬ ಪ್ರೋಗ್ರಾಂ. ಪ್ರತಿ ಬೂಟ್, ಪ್ರತಿ ಶಟ್‌ಡೌನ್ ಅನ್ನು ಇದು ಸಣ್ಣದೊಂದು ಎಸ್‌ಕ್ಯೂಲೈಟ್ (ಡೇಟಾಬೇಸ್) ಕಡತದಲ್ಲಿ ಬರೆದಿಡುತ್ತದೆ. ಒಟ್ಟು ಎಷ್ಟು ಹೊತ್ತು ನಡೆಯಿತು, ಎಷ್ಟು ಹೊತ್ತು ನಿಂತಿತ್ತು, ಎಷ್ಟು ಸಲ ಸರಿಯಾಗಿ ಆಫ್ ಆಯಿತು, ಎಷ್ಟು ಸಲ ಏಕಾಏಕಿ ಸತ್ತಿತು ಎಲ್ಲವೂ ಸಿಗುತ್ತದೆ. ಈ ಕೊನೆಯದೇ ನನಗೆ ಅತ್ಯಮೂಲ್ಯ. ಪವರ್ ಸಪ್ಲೈ ಕೈಕೊಡುವ ಸೂಚನೆ ಅಲ್ಲಿ ಕಾಣಬಹುದು. ಕೊರತೆಯೆಂದರೆ, ಇನ್‌ಸ್ಟಾಲ್ ಮಾಡಿದ ದಿನದಿಂದಷ್ಟೇ ಲೆಕ್ಕ. ಓಎಸ್ ಹೊಸದಾಗಿ ಹಾಕುವ ಮೊದಲು ಆ ಕಡತವನ್ನು ತೆಗೆದಿಡದಿದ್ದರೆ ಎಲ್ಲವೂ ಹೋಯಿತು.

ಓಎಸ್ ಬದಲಾದರೂ ಅಳಿಯದ ಲೆಕ್ಕ ಡಿಸ್ಕಿನೊಳಗಿದೆ. ಡಿಸ್ಕಿನ ಸ್ಥಿತಿ ತೋರಿಸುವ ‘ಸ್ಮಾರ್ಟ್‌ಸಿಟಿಎಲ್’ ಕಮಾಂಡ್ ಕೊಡುವ ಪವರ್ ಆನ್ ಗಂಟೆಗಳನ್ನು (ಡಿಸ್ಕ್ ಚಾಲೂ ಇದ್ದ ಒಟ್ಟು ಗಂಟೆ) ವರ್ಷದ ಗಂಟೆಗಳಾದ 8,760ರಿಂದ ಭಾಗಿಸಿದರೆ ವರ್ಷ ಸಿಗುತ್ತದೆ. ಈ ಅಂಕಿ ಎಷ್ಟು ಮುಖ್ಯವೆಂದು 2019ರ ನವೆಂಬರ್‌ನಲ್ಲಿ ಎಲ್ಲರಿಗೂ ತಿಳಿಯಿತು: ತನ್ನ ಕೆಲವು ಎಸ್‌ಎಸ್‌ಡಿ ಡಿಸ್ಕ್‌ಗಳು ಫರ್ಮ್‌ವೇರ್ (ಡಿಸ್ಕಿನೊಳಗಿನ ತಂತ್ರಾಂಶ) ದೋಷದಿಂದ 32,768 ಗಂಟೆ ಮುಗಿದೊಡನೆ ಕೆಟ್ಟುಹೋಗುತ್ತವೆ ಎಂದು ಸರ್ವರ್ ತಯಾರಕ ಎಚ್‌ಪಿಇ ಎಚ್ಚರಿಸಿತು. ಒಂದೇ ದಿನ ಹಾಕಿದ ಡಿಸ್ಕ್‌ಗಳು ಒಟ್ಟಿಗೇ ಹೋದರೆ ರೇಡ್ (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಸುವ ಜೋಡಣೆ) ಇದ್ದೂ ಪ್ರಯೋಜನವಿಲ್ಲ. ಆಗ ಅಪ್‌ಟೈಮ್ ನೋಡಿಕೊಂಡು ಕೂತಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ. ಡಿಸ್ಕ್ ಬದಲಾಯಿಸಿದರೆ ಮಾತ್ರ ಈ ಲೆಕ್ಕ ಯಂತ್ರದ್ದಾಗಿ ಉಳಿಯುವುದಿಲ್ಲ.

ಹಾಗಾಗಿ ಹೊಸ ಸರ್ವರ್‌ಗೆ ಮೊದಲ ದಿನವೇ ಟಪ್‌ಟೈಮ್ ಹಾಕಿ, ಪ್ರತಿ ಡಿಸ್ಕಿನ ಸೀರಿಯಲ್ ನಂಬರ್ ಪಕ್ಕದಲ್ಲಿ ಅದರ ಗಂಟೆಗಳನ್ನೂ ಬರೆದಿಡುತ್ತೇನೆ. ವರ್ಚುವಲ್ ಮಷೀನ್ (ತಂತ್ರಾಂಶದಿಂದ ಸೃಷ್ಟಿಸಿದ ಕಂಪ್ಯೂಟರ್) ಒಳಗಿನಿಂದ ಸಾಮಾನ್ಯವಾಗಿ ಡಿಸ್ಕ್ ಗಂಟೆ ಕಾಣುವುದಿಲ್ಲ. ಅಲ್ಲಿ ಟಪ್‌ಟೈಮ್ ಒಂದನ್ನೇ ನಂಬಿದ್ದೇನೆ.