ಗೋಲ್ಡ್‌ಬರ್ಗ್ ವೇರಿಯೇಷನ್ಸ್: ಯಾವ ಧ್ವನಿಮುದ್ರಣ ಕೊಳ್ಳಬೇಕು?

ಜರ್ಮನ್ ಸಂಯೋಜಕ ಬಾಖ್ 1741ರಲ್ಲಿ ಅಚ್ಚು ಹಾಕಿಸಿದ ಈ ಕೃತಿಯ ಧ್ವನಿಮುದ್ರಣಗಳನ್ನು ಹೋಲಿಸಲು ಕೂತವರು ಮೊದಲು ನೋಡುವುದು ಅವಧಿ. ಎಡವುವುದೂ ಅಲ್ಲೇ. ಪಿಯಾನೋ ವಾದಕ ಗ್ಲೆನ್ ಗೂಲ್ಡ್ 1955ರಲ್ಲಿ ನುಡಿಸಿದ್ದು 38 ನಿಮಿಷ, 1981ರಲ್ಲಿ 51. ಇನ್ನೊಬ್ಬ ಪಿಯಾನೋ ವಾದಕ ಮರೆ ಪೆರಾಯಾ 2000ರಲ್ಲಿ ತೆಗೆದುಕೊಂಡದ್ದು 73. ಹಾಗೆಂದು ಪೆರಾಯಾ ಗೂಲ್ಡ್‌ಗಿಂತ ಅರ್ಧದಷ್ಟು ನಿಧಾನ ಎಂದಲ್ಲ. ಏರಿಯಾಕ್ಕೂ, ಅಂದರೆ ಆರಂಭದ ತುಣುಕಿಗೂ, ಅದರ ಮೇಲೆ ಕಟ್ಟಿದ ಮೂವತ್ತು ವೇರಿಯೇಷನ್‌ಗಳಿಗೂ ಎರಡೆರಡು ಭಾಗ. ಪ್ರತಿ ಭಾಗವನ್ನೂ ಮರಳಿ ನುಡಿಸಬೇಕೆಂದು ಬಾಖ್ ಗುರುತು ಹಾಕಿದ್ದಾರೆ. 1955ರ ಗೂಲ್ಡ್ ಆ ಗುರುತುಗಳನ್ನೆಲ್ಲ ಬಿಟ್ಟರು. 1981ರಲ್ಲಿ ಒಂಬತ್ತು ಕ್ಯಾನನ್‌ಗಳಲ್ಲಿ (ಒಂದು ಸ್ವರಸಾಲನ್ನು ಇನ್ನೊಂದು ಹಿಂಬಾಲಿಸಿ ಅನುಕರಿಸುವ ವೇರಿಯೇಷನ್‌ಗಳಲ್ಲಿ) ಮತ್ತು ಇನ್ನು ನಾಲ್ಕು ವೇರಿಯೇಷನ್‌ಗಳಲ್ಲಿ ಮೊದಲ ಭಾಗವನ್ನು ಮಾತ್ರ ಮರಳಿಸಿದರು. ಪೆರಾಯಾ ಎಲ್ಲವನ್ನೂ ಪಾಲಿಸಿದ್ದಾರೆ. ಕಾಲಪ್ರಮಾಣ ತಿಳಿಯಬೇಕಾದರೆ ಒಂದೇ ವೇರಿಯೇಷನ್ನಿನ ಮೊದಲ ಭಾಗವನ್ನು, ಮರಳಿಕೆ ಬಿಟ್ಟು, ಗಡಿಯಾರ ಹಿಡಿದು ಅಳೆಯಬೇಕು.

ಹಾಗೆ ಅಳೆದಾಗ ಗೂಲ್ಡ್‌ರ ಎರಡು ಮುದ್ರಣಗಳ ಬಗ್ಗೆ ಎಲ್ಲರೂ ಹೇಳುವ, 1955ರದು ಬಿರುಸು, 1981ರದು ನಿಧಾನ ಎಂಬ ಮಾತು ಪೂರ್ತಿ ನಿಲ್ಲುವುದಿಲ್ಲ. ಏರಿಯಾ 1955ರಲ್ಲಿ ಎರಡು ನಿಮಿಷಕ್ಕೂ ಕಡಿಮೆ, 1981ರಲ್ಲಿ ಮೂರು. ಆದರೆ 25ನೆಯ ವೇರಿಯೇಷನ್ನಿನಲ್ಲಿ ಲೆಕ್ಕ ತಿರುಗುತ್ತದೆ: 1955ರಲ್ಲಿ ಸುಮಾರು ಆರೂವರೆ ನಿಮಿಷ, 1981ರಲ್ಲಿ ಆರು. ಬಿರುಸಿಗೆ ಹೆಸರಾದ ಮುದ್ರಣವೇ ಇಲ್ಲಿ ನಿಧಾನ, ಮತ್ತು ಆ ನಿಧಾನದಲ್ಲಿ ಮೇಲಿನ ಸ್ವರಸಾಲು ಜಗ್ಗುತ್ತದೆ. 1981ರಲ್ಲಿ ಎಡಗೈಯ ನಡೆ ಬಿಗಿಯಾಗಿರುವುದರಿಂದ ದುಃಖ ಇನ್ನೂ ಆಳಕ್ಕೆ ಇಳಿಯುತ್ತದೆ. 1981ರ ಮುದ್ರಣದಲ್ಲಿ ಒಂದು ವೇರಿಯೇಷನ್ನಿನ ಲಯ ಮುಂದಿನದರ ಲಯಕ್ಕೆ ಲೆಕ್ಕ ಕೂಡಿಕೊಂಡೇ ಹೋಗುತ್ತದೆ. ಆದ್ದರಿಂದ ಇದನ್ನು ಬಿಡಿಬಿಡಿಯಾಗಿ ಕೇಳಿದರೆ ಅರ್ಧ ಸಿಕ್ಕಿದಂತೆ.

ಯಾವ ಆವೃತ್ತಿ ಎಂಬುದೂ ಮುಖ್ಯ. 1955ರದು ಮೋನೋ, ಅದನ್ನು ಕೃತಕವಾಗಿ ಸ್ಟೀರಿಯೋ ಮಾಡಿದ ಹಳೆಯ ಎಲ್‌ಪಿಗಳೂ ಇವೆ, ಅವು ಬೇಡ. ಗೂಲ್ಡ್ ಹೆಸರಿನಲ್ಲಿ ಹುಡುಕಿದರೆ 1954ರ ಕೆನಡಾ ರೇಡಿಯೋ ಪ್ರಸಾರ, 1959ರ ಸಾಲ್ಜ್‌ಬರ್ಗ್ ಕಛೇರಿ, ಜೊತೆಗೆ 2007ರ ಇನ್ನೊಂದು ಡಿಸ್ಕ್ ಬರುತ್ತದೆ. ಆ ಕೊನೆಯದರಲ್ಲಿ 1955ರ ವಾದನವನ್ನು ಕಂಪ್ಯೂಟರ್‌ನಿಂದ ವಿಶ್ಲೇಷಿಸಿ ಸ್ವಯಂಚಾಲಿತ ಪಿಯಾನೋದಲ್ಲಿ ನುಡಿಸಲಾಗಿದೆ, ಮೂಲವೆಂದು ಅದನ್ನು ಕೊಂಡುಬಿಡಬೇಡಿ. 1981ರಲ್ಲಿ ಡಿಜಿಟಲ್ ಜೊತೆಗೆ ಅನಲಾಗ್ ಟೇಪಿನಲ್ಲೂ ಮುದ್ರಿಸಿಕೊಂಡಿದ್ದರು. ಮೊದಲ ಸಿಡಿಗಳು ಡಿಜಿಟಲ್‌ನಿಂದ ಬಂದವು, ಅವುಗಳಲ್ಲಿ ಪಿಯಾನೋದ ನಾದ ಒಣಗಿದಂತಿದೆ. 2002ರ ‘ಎ ಸ್ಟೇಟ್ ಆಫ್ ವಂಡರ್’ ಅನಲಾಗ್ ಟೇಪಿನಿಂದ ಮಾಡಿದ್ದು, ನಾದ ತುಂಬಿಕೊಂಡಿದೆ; ಕೊಳ್ಳುವುದಾದರೆ ಅದನ್ನೇ. ನುಡಿಸುವಾಗಿನ ಗೂಲ್ಡ್‌ರ ಗುನುಗು 1955, 1981 ಎರಡರಲ್ಲೂ ಇದೆ. ಹೆಡ್‌ಫೋನಿನಲ್ಲಿ ಅದು ಕಿವಿಗೆ ಅಂಟಿಕೊಳ್ಳುತ್ತದೆ, ಸ್ಪೀಕರಿನಲ್ಲಿ ಕರಗುತ್ತದೆ.

ಬಾಖ್ ಬರೆದದ್ದು ಎರಡು ಕೀಬೋರ್ಡಿನ ಹಾರ್ಪ್ಸಿಕಾರ್ಡಿಗೆ, ಅಂದರೆ ತಂತಿಗಳನ್ನು ಮೀಟಿ ನುಡಿಯುವ, ಪಿಯಾನೋಗಿಂತ ಹಳೆಯ ವಾದ್ಯಕ್ಕೆ. ಕೈಗಳು ಒಂದನ್ನೊಂದು ದಾಟುವ ವೇರಿಯೇಷನ್‌ಗಳಲ್ಲಿ, ಮುಖ್ಯವಾಗಿ 8, 14, 20ರಲ್ಲಿ, ಪಿಯಾನೋದ ಒಂದೇ ಕೀಬೋರ್ಡಿನಲ್ಲಿ ಕೈಗೆ ಕೈ ಅಡ್ಡ ಬರುತ್ತದೆ, ಸಾಲುಗಳು ಕಲೆಸುವ ಅಪಾಯವಿದೆ. ಪೆರಾಯಾ ಒತ್ತಿನ ಹದದಿಂದಲೇ ಅವನ್ನು ಬಿಡಿಸಿಡುತ್ತಾರೆ. ಮರಳಿಕೆಯಲ್ಲಿ ಮೊದಲ ಸಲ ಹಿಂದೆ ನಿಂತಿದ್ದ ಸ್ವರಸಾಲನ್ನು ಮುಂದೆ ತರುತ್ತಾರೆ. ಆದ್ದರಿಂದ 73 ನಿಮಿಷ ಉದ್ದವೆನಿಸುವುದಿಲ್ಲ. ಹಾರ್ಪ್ಸಿಕಾರ್ಡಿನಲ್ಲಿ ಗುಸ್ತಾವ್ ಲಿಯೋನ್‌ಹಾರ್ಟ್‌ರ 1976ರದು ಗಂಭೀರ, ಪಿಯರ್ ಹಂತಾಯ್‌ರ 1992ರದು ಹೆಚ್ಚು ಕುಣಿತದ ನಡೆ. ವಾಲ್ಯೂಮನ್ನು ಪಿಯಾನೋಗೆ ಇಟ್ಟಷ್ಟೇ ಇಟ್ಟರೆ ಹಾರ್ಪ್ಸಿಕಾರ್ಡ್ ತಂತಿ ತರಚಿದಂತೆ ಕೇಳುತ್ತದೆ. ಅದು ಮೆಲುದನಿಯ ವಾದ್ಯ, ಸಾಕಷ್ಟು ಇಳಿಸಿ. ಈ ವಾದ್ಯವನ್ನು ಸಾಮಾನ್ಯವಾಗಿ ಅರ್ಧ ಸ್ವರ ತಗ್ಗಿಸಿ ಶ್ರುತಿ ಮಾಡಿರುತ್ತಾರೆ. ಪಿಯಾನೋ ಕೇಳಿದ ಕೂಡಲೇ ಹಾಕಿದರೆ ಮಂಕಾಗಿ ಕೇಳುವುದು ಅದಕ್ಕೇ. ನಡುವೆ ಒಂದೆರಡು ನಿಮಿಷ ಕಿವಿಗೆ ಬಿಡುವು ಬೇಕು.

ಪಿಯಾನೋಗೆ ಪಿಯಾನೋ ಹೋಲಿಸುವಾಗ ಏರಿಯಾದ ಆರಂಭವನ್ನಷ್ಟೇ ಕೇಳಿ ಎರಡರ ಮಟ್ಟವನ್ನೂ ಸಮ ಮಾಡಿಕೊಳ್ಳಿ. ತುಸು ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಆ್ಯಪಿನಲ್ಲಿ ಕ್ರಾಸ್‌ಫೇಡ್ ಇದ್ದರೆ ಆಫ್ ಮಾಡಿ; ಮಾಡದಿದ್ದರೆ ಒಂದರ ಬಾಲ ಇನ್ನೊಂದರ ತಲೆಯ ಮೇಲೆ ಬೀಳುತ್ತದೆ. ಆಮೇಲೆ 15, 16, 25 ಕೇಳಿದರೆ ಸಾಕು.

ಒಂದೇ ಕೊಳ್ಳುವವರಿಗೆ ಪೆರಾಯಾ. ಎರಡನೆಯದಕ್ಕೆ ಜಾಗವಿದ್ದರೆ 1981ರ ಗೂಲ್ಡ್. 1955ರದು ಆಮೇಲೆ ಬರಲಿ. ತೀರ್ಮಾನವಾಗದಿದ್ದರೆ 15ರ ಕೊನೆಗೆ ಮರಳಿ: ಬಲಗೈ ಮೇಲೇರಿ ಒಂಟಿ ಸ್ವರದ ಮೇಲೆ ನಿಲ್ಲುತ್ತದೆ. ಆ ಸ್ವರ ಪೂರ್ತಿ ಆರುವವರೆಗೆ ಕಾದು 16ರ ಮೊದಲ ಸ್ವರಗುಚ್ಛಕ್ಕೆ ಕೈ ಹಾಕಿದವರು ಯಾರು, ಅವಸರ ಮಾಡಿದವರು ಯಾರು ಎಂದು ಕೇಳಿ.