ತುಮಕೂರಿನಿಂದ ಎಂ15 ಟೆನಿಸ್ ಪಂದ್ಯ ಹಿಂಬಾಲಿಸಲು ಐಟಿಎಫ್ ಲೈವ್ ಸ್ಕೋರ್

ನಮ್ಮ ಕಡೆಯ ಹುಡುಗನೊಬ್ಬ ಟುನೀಶಿಯಾದ ಮೊನಾಸ್ಟಿರ್‌ನಲ್ಲಿ ಎಂ15 (ವೃತ್ತಿಪರ ಟೆನಿಸ್‌ನ ಕೆಳಹಂತದ ಪುರುಷರ ಟೂರ್ನಿ) ಆಡುತ್ತಿದ್ದರೆ ಟಿವಿಯಲ್ಲಿ ಸಿಗುವುದಿಲ್ಲ. ಆಗ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ (ಐಟಿಎಫ್) ಲೈವ್ ಸ್ಕೋರೇ ಗತಿ, ಅದು ನಂಬುವಂಥದ್ದೂ ಹೌದು. ಅಂಪೈರ್ ಕುರ್ಚಿಯಲ್ಲೇ ಕೂತು ಒಂದೊಂದು ಪಾಯಿಂಟ್ ಒತ್ತುತ್ತಾರೆ. 30-40 ಎಂದು ಬದಲಾದಾಗ ತುಮಕೂರಿನ ಟೀ ಅಂಗಡಿಯಲ್ಲಿ ಕೂತವರ ಎದೆಯೂ ಹೊಡೆದುಕೊಳ್ಳುತ್ತದೆ.

ಎಡವುವುದು ಸಮಯದಲ್ಲಿ. ಪಂದ್ಯಗಳ ಪಟ್ಟಿ ಹಿಂದಿನ ಸಂಜೆ ಬರುತ್ತದೆ, ಆದರೆ ಸ್ಥಳೀಯ ಗಂಟೆಯಲ್ಲಿ. ಮೊನಾಸ್ಟಿರ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ: ಅಲ್ಲಿ ಬೆಳಿಗ್ಗೆ 10 ಎಂದರೆ ಇಲ್ಲಿ ಮಧ್ಯಾಹ್ನ 2.30. ಕೋರ್ಟಿನ ಮೂರನೇ ಪಂದ್ಯವಾದರೆ ಗಂಟೆ ನಂಬಬೇಡಿ, ಮೊದಲೆರಡರ ಸ್ಕೋರ್ ನೋಡುತ್ತಿರಿ. ಅರ್ಹತಾ ಸುತ್ತಿನಲ್ಲಿ ಮೂರನೇ ಸೆಟ್ ಇಲ್ಲ, ಬದಲಿಗೆ 10 ಪಾಯಿಂಟಿನ ಟೈಬ್ರೇಕ್; '10-8' ಕಂಡು ತಪ್ಪು ಎಂದುಕೊಳ್ಳಬೇಡಿ.

ಟೂರ್ನಿ ಗೆದ್ದವರಿಗೆ 15 ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಸಂಸ್ಥೆ) ಅಂಕ. ಅವು ಮರುದಿನದ ಸೋಮವಾರ ಅಲ್ಲ, ಅದರ ಮುಂದಿನ ಸೋಮವಾರ ರ್‍ಯಾಂಕಿಂಗ್‌ಗೆ ಸೇರುತ್ತವೆ. ಹುಡುಗ ಮೇಲಿನ ದರ್ಜೆಯಾದ ಚಾಲೆಂಜರ್‌ಗೆ ಏರಿದರೆ ಎಟಿಪಿ ತಾಣದಲ್ಲಿ ಉಚಿತವಾಗಿ ವಿಡಿಯೊ ಸಿಗುತ್ತದೆ. 2017ರಲ್ಲಿ ಸುಮಿತ್ ನಾಗಲ್ ಗೆದ್ದ ಬೆಂಗಳೂರಿನ ಟೂರ್ನಿಯೂ ಆ ದರ್ಜೆಯದೇ. ಅದು ನಡೆಯುವ ಕಬ್ಬನ್ ಪಾರ್ಕಿಗೆ ಇಲ್ಲಿಂದ ರೈಲು ಹತ್ತಿ ಹೋಗಿ ನೋಡಬಹುದು.