ಪಾದರಸ, ತೋಳಿನ ಪಟ್ಟಿ, ಮಣಿಕಟ್ಟು, ವಾಚು: ಮನೆಯಲ್ಲಿ ಬಿಪಿ ನೋಡೋಕೆ ಯಾವುದು?

ಮನೆಗೆ ಒಂದು ಬಿಪಿ ಮಷೀನ್ ಬೇಕು, ಯಾವುದು ತಗೊಳ್ಳಲಿ ಅಂತ ಪರಿಚಯದವರು ಆಗಾಗ ಕೇಳುತ್ತಾರೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ತೋಳಿಗೆ ಪಟ್ಟಿ ಕಟ್ಟುವ ಆಟೋಮ್ಯಾಟಿಕ್ ಮಷೀನ್ ತಗೊಳ್ಳಿ, ಪಟ್ಟಿಯ ಅಳತೆ ನೋಡಿ ತಗೊಳ್ಳಿ. ಮಣಿಕಟ್ಟಿನದು ಬಹುತೇಕ ಜನರಿಗೆ ಬೇಡ. ವಾಚು ತೋರಿಸುವ ನಂಬರ್ ನಂಬಿ ಮಾತ್ರೆ ಹೆಚ್ಚು ಕಡಿಮೆ ಮಾಡಲೇಬೇಡಿ.

ಅಮ್ಮನಿಗೂ ಮಾವನಿಗೂ ಬಿಪಿ ಇದೆ. ಮನೆಯಲ್ಲಿ ನೋಡಿ ಬರೆದುಕೊಂಡು ಬನ್ನಿ ಅಂತ ಡಾಕ್ಟರ್ ಹೇಳಿದ ಮೇಲೆ ಒಂದೊಂದಾಗಿ ನಾಲ್ಕು ಬಗೆಯ ಉಪಕರಣ ಕೈಗೆ ಬಂದವು. ಬೆಳಿಗ್ಗೆ ಮಾತ್ರೆಗೆ ಮುಂಚೆ, ಅದೇ ಕುರ್ಚಿ, ಅದೇ ಮೇಜು, ಒಂದು ಸಲ ನೋಡಿ ಒಂದೆರಡು ನಿಮಿಷ ಬಿಟ್ಟು ಇನ್ನೊಂದು. ಬಿಪಿ ತಾನೇ ನಿಮಿಷ ನಿಮಿಷಕ್ಕೂ ಏರುಪೇರಾಗುತ್ತದೆ, ಹಾಗಾಗಿ ಒಂದು ದಿನದ ಲೆಕ್ಕ ಸಾಲದು ಅಂತ ಹಲವು ದಿನ, ಸರದಿ ಬದಲಿಸಿ ಬದಲಿಸಿ ನೋಡಿದೆ.

ಪಾದರಸದ ಪೆಟ್ಟಿಗೆ ಪಕ್ಕದ ಮನೆಯ ಸಿಸ್ಟರ್ ಅವರದ್ದು. ಆಸ್ಪತ್ರೆಯಿಂದ ನಿವೃತ್ತರಾಗಿದ್ದಾರೆ, ಕೈ ಮಾತ್ರ ಈಗಲೂ ಅಷ್ಟೇ ಚುರುಕು. ಇಟಲಿಯ ಟ್ಯೂರಿನ್‌ನಲ್ಲಿ ರಿವಾ ರೊಚ್ಚಿ ಎಂಬ ಡಾಕ್ಟರ್ 1896ರಲ್ಲಿ ಮಾಡಿದ ಉಪಕರಣದ ವಂಶದ್ದೇ ಇದು. ರಿವಾ ರೊಚ್ಚಿ ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ, ಮಣಿಕಟ್ಟಿನ ನಾಡಿ ಮುಟ್ಟಿ ನೋಡುತ್ತಿದ್ದರು, ಅದರಲ್ಲಿ ಸಿಗುತ್ತಿದ್ದುದು ಮೇಲಿನ ಬಿಪಿ ಮಾತ್ರ. 1905ರಲ್ಲಿ ರಷ್ಯಾದ ಸೇನೆಯ ಡಾಕ್ಟರ್ ಕೊರೊಟ್ಕೊವ್ ಅದಕ್ಕೆ ಸ್ಟೆತಸ್ಕೋಪ್ ಸೇರಿಸಿದರು. ಪಟ್ಟಿ ಸಡಿಲ ಮಾಡುತ್ತಾ ಬಂದಾಗ ಟಕ್ ಟಕ್ ಸದ್ದು ಶುರುವಾಗುವುದು ಮೇಲಿನ ಬಿಪಿ, ಸದ್ದು ನಿಂತುಹೋಗುವುದು ಕೆಳಗಿನ ಬಿಪಿ. ನೂರು ವರ್ಷ ದಾಟಿದರೂ ಬೇರೆ ಮಷೀನ್ ಸರಿ ಇದೆಯಾ ಅಂತ ಪರೀಕ್ಷಿಸಲು ಇವತ್ತಿಗೂ ಈ ಸದ್ದನ್ನೇ ಕೇಳುತ್ತಾರೆ.

ಪಾದರಸವೇ ಯಾಕೆ? ಅದು ನೀರಿಗಿಂತ 13.6 ಪಟ್ಟು ಭಾರ. ಬಿಪಿ 120 ಅಂದರೆ 120 ಮಿಲಿಮೀಟರ್ ಪಾದರಸವನ್ನು ಎತ್ತಿ ಹಿಡಿಯುವಷ್ಟು ಒತ್ತಡ. ಅದನ್ನೇ ನೀರಿನಲ್ಲಿ ಅಳೆದರೆ 1.6 ಮೀಟರ್‌ಗೂ ಎತ್ತರದ ಕೊಳವೆ ಬೇಕು. ಇಂಗ್ಲೆಂಡಿನ ವಿಜ್ಞಾನಿ ಸ್ಟೀಫನ್ ಹೇಲ್ಸ್ 1733ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಜೋಡಿಸಿದಾಗ ರಕ್ತ ಎಂಟು ಅಡಿಗಿಂತ ಮೇಲೆ ಏರಿತ್ತಂತೆ! ಮೇಜಿನ ಮೇಲೆ ಇಡುವ ಪೆಟ್ಟಿಗೆಯಲ್ಲಿ ಅಷ್ಟೆಲ್ಲ ಅಡಗಿಸಲು ಪಾದರಸವೇ ಆಗಬೇಕಿತ್ತು.

ಸಿಸ್ಟರ್ ಕೈಯಲ್ಲಿ ಅಮ್ಮನ ಬಿಪಿ 138/84 ಬಂತು. ಮತ್ತೆ ನೋಡಿದರೂ ಅದರ ಹತ್ತಿರವೇ. ಆದರೆ ನಾನೇ ಸ್ಟೆತಸ್ಕೋಪ್ ಹಿಡಿದಾಗ, ಫ್ಯಾನ್ ಸದ್ದಿನ ನಡುವೆ ಮೊದಲ ಟಕ್ ಎಲ್ಲಿ ಶುರುವಾಯಿತು ಅಂತ ಖಚಿತವಾಗಿ ಹೇಳುವುದು ಕಷ್ಟ. ಅಮ್ಮ ಒಬ್ಬರೇ ಇದ್ದಾಗಂತೂ ಇದು ಆಗದ ಮಾತು. ಅಳತೆಪಟ್ಟಿಯಲ್ಲಿ ಗೆರೆ ಇರುವುದು ಎರಡು ಎರಡಕ್ಕೆ, ನೋಡುವವರು 140, 150 ಅಂತ ಸುತ್ತುಮಾಡಿ ಹೇಳಿಬಿಡುವ ಅಭ್ಯಾಸವೂ ಇದೆ. ಕೊಳವೆ ಒಡೆದರೆ ಪಾದರಸದ ಆವಿ ವಿಷ. ಜಪಾನಿನ ಮಿನಮಾಟದಲ್ಲಿ ಪಾದರಸದಿಂದ ಜನ ನರಳಿದ ನೆನಪಿಗೆ ಅದೇ ಊರಿನ ಹೆಸರಲ್ಲಿ 2013ರಲ್ಲಿ ಆದ ಒಪ್ಪಂದ ಇಂಥ ಉಪಕರಣಗಳನ್ನು ಕೈಬಿಡಬೇಕು ಅಂತ ಹೇಳುತ್ತದೆ. ಮಕ್ಕಳು ಓಡಾಡುವ ಮನೆಯಲ್ಲಿ ನಾನಂತೂ ಇಡುವುದಿಲ್ಲ.

ಇನ್ನು ತೋಳಿನ ಆಟೋಮ್ಯಾಟಿಕ್ ಮಷೀನ್. ಅದೇ ಬೆಳಿಗ್ಗೆ 141/82. ಸಿಸ್ಟರ್ ಲೆಕ್ಕಕ್ಕೂ ಇದಕ್ಕೂ ಎರಡು, ಮೂರರ ವ್ಯತ್ಯಾಸ ಅಷ್ಟೇ, ಬೇರೆ ದಿನಗಳಲ್ಲೂ ಹೆಚ್ಚುಕಮ್ಮಿ ಹೀಗೆಯೇ ಇತ್ತು. ಇದು ಸದ್ದು ಕೇಳುವುದಿಲ್ಲ. ರಕ್ತ ಬಡಿದಾಗ ಪಟ್ಟಿಯೊಳಗಿನ ಗಾಳಿ ಸಣ್ಣಗೆ ನಡುಗುತ್ತದೆ, ಮಷೀನ್ ಆ ನಡುಕ ಅಳೆಯುತ್ತದೆ. ನಡುಕ ಎಲ್ಲಿ ಅತಿ ಜಾಸ್ತಿಯೋ ಅಲ್ಲಿ ಸರಾಸರಿ ಒತ್ತಡ. ಮೇಲಿನದು, ಕೆಳಗಿನದು ಎರಡನ್ನೂ ಆಮೇಲೆ ಲೆಕ್ಕ ಹಾಕಿ ತೋರಿಸುತ್ತದೆ, ಆ ಲೆಕ್ಕದ ಸೂತ್ರ ಒಂದೊಂದು ಕಂಪನಿಯದು ಒಂದೊಂದು, ಯಾರೂ ಬಿಟ್ಟುಕೊಡುವುದಿಲ್ಲ. ಹಾಗಾಗಿ ಎರಡು ಕಂಪನಿಯ ಮಷೀನ್ ಪಕ್ಕಪಕ್ಕ ಇಟ್ಟರೆ ನಂಬರ್ ತಾಳೆ ಆಗದಿರಬಹುದು. ಡಬ್ಬದ ಮೇಲೆ ಏನು ಬರೆದಿದ್ದರೂ, ಆ ಮಾಡೆಲ್ ಐಎಸ್ಒ 81060-2 ಎಂಬ ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆ ಪಾಸಾಗಿದೆಯಾ ಅಂತ ನೋಡಿ. ಕನಿಷ್ಠ 85 ಜನರ ಮೇಲೆ, ನುರಿತವರು ಕಿವಿಯಿಂದ ಕೇಳಿದ ಅಳತೆಯ ಜೊತೆ ಹೋಲಿಸಿದಾಗ ಸರಾಸರಿ ವ್ಯತ್ಯಾಸ 5 ದಾಟಬಾರದು ಅಂತ ನಿಯಮ. ಪಾಸಾದ ಮಾಡೆಲ್‌ಗಳ ಪಟ್ಟಿ ಸ್ಟ್ರೈಡ್ ಬಿಪಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಕೊಳ್ಳುವ ಮುಂಚೆ ಅಲ್ಲಿ ಮಾಡೆಲ್ ನಂಬರ್ ಹುಡುಕಿ, ಐದು ನಿಮಿಷದ ಕೆಲಸ.

ಜನ ಹೆಚ್ಚಾಗಿ ಗಮನಿಸದಿರುವುದು ಪಟ್ಟಿಯ ಅಳತೆ. ಮಷೀನ್ ಜೊತೆ ಬರುವ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ. ಮಾವನ ತೋಳು 36. ಅದೇ ಪಟ್ಟಿಯನ್ನು ಅವರಿಗೆ ಎಳೆದು ಕಟ್ಟಿದರೆ 152, ದೊಡ್ಡ ಪಟ್ಟಿ ತಂದು ಕಟ್ಟಿದರೆ 145ರ ಆಸುಪಾಸು. ಚಿಕ್ಕ ಪಟ್ಟಿ ರಕ್ತನಾಳವನ್ನು ಸರಿಯಾಗಿ ಅದುಮುವುದಿಲ್ಲ, ಜಾಸ್ತಿ ಗಾಳಿ ತುಂಬಬೇಕಾಗುತ್ತದೆ, ನಂಬರ್ ಸುಮ್ಮನೆ ಮೇಲೆ ಹೋಗುತ್ತದೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರು 2023ರಲ್ಲಿ ಇದನ್ನೇ ಅಳೆದು ನೋಡಿದ್ದಾರೆ: ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಕಟ್ಟಿದರೆ ಮೇಲಿನ ಬಿಪಿ ಸರಾಸರಿ 20ರ ಹತ್ತಿರ ಜಾಸ್ತಿ ಬರುತ್ತದೆ. ಇಪ್ಪತ್ತು ಅಂದರೆ ಸುಮ್ನೆ ಮಾತಲ್ಲ, ಇಲ್ಲದ ಕಾಯಿಲೆಗೆ ಮಾತ್ರೆ ಶುರುವಾಗಿಬಿಡಬಹುದು. ಟೈಲರ್ ಟೇಪಿನಿಂದ ತೋಳಿನ ನಡುಭಾಗ ಅಳೆದುಕೊಂಡೇ ಅಂಗಡಿಗೆ ಹೋಗಿ.

ಮಣಿಕಟ್ಟಿನ ಮಷೀನ್ ನೋಡೋಕೆ ಮುದ್ದಾಗಿದೆ. ಅಂಗಿಯ ತೋಳು ಮಡಚಬೇಕಿಲ್ಲ, ರವಿಕೆಯ ತೋಳು ಏರಿಸಬೇಕಿಲ್ಲ, ಪ್ರಯಾಣಕ್ಕೂ ಸಲೀಸು. ಅಮ್ಮನಿಗೆ ಇದೇ ಇಷ್ಟವಾಗಿತ್ತು. ಆದರೆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿದರೆ 156/95! ಅದೇ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಮೊಣಕೈ ಕೆಳಗೆ ದಿಂಬು ಕೊಟ್ಟರೆ 143/86. ಮಷೀನ್ ಕೆಟ್ಟಿಲ್ಲ. ಟ್ಯಾಂಕ್ ಮೇಲೆ ಇದ್ದಾಗ ಕೆಳಮನೆಯ ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತದಲ್ವಾ, ಅದೇ ಕತೆ. ಹೃದಯಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗೆ ಇಳಿದರೆ ಸುಮಾರು 8 ಜಾಸ್ತಿ ತೋರಿಸುತ್ತದೆ, ಮೇಲೆ ಏರಿದರೆ ಅಷ್ಟೇ ಕಡಿಮೆ. ತೋಳಿನ ಪಟ್ಟಿ ಹೇಗೂ ಎದೆಯ ಪಕ್ಕದಲ್ಲೇ ಇರುತ್ತದೆ, ಕೈಯನ್ನು ಮೇಜಿನ ಮೇಲೆ ಇಟ್ಟುಕೊಂಡರೆ ಸಾಕು. ಮಣಿಕಟ್ಟಿನದರಲ್ಲಿ ಪ್ರತಿ ಸಲ ನಾವೇ ಎಚ್ಚರ ವಹಿಸಬೇಕು. ತೋಳು ತುಂಬಾ ದಪ್ಪ ಇದ್ದು ಯಾವ ಪಟ್ಟಿಯೂ ಸರಿಹೋಗದವರಿಗೆ ಮಾತ್ರ, ಡಾಕ್ಟರನ್ನು ಕೇಳಿ, ಇದು ಸರಿ.

ವಾಚಿನ ವಿಷಯದಲ್ಲಿ ನನಗೆ ಸಿಟ್ಟಿದೆ. ತಮ್ಮನ ವಾಚು ಹಸಿರು ಬೆಳಕು ಬಿಟ್ಟು, ಚರ್ಮದ ಕೆಳಗೆ ರಕ್ತ ಹೇಗೆ ಬಡಿಯುತ್ತಿದೆ ಅಂತ ನೋಡಿ, ಆ ಅಲೆಯ ಆಕಾರದಿಂದ ಬಿಪಿ ಊಹಿಸುತ್ತದೆ. ಒತ್ತಡವನ್ನು ಅದು ಅಳೆಯುವುದೇ ಇಲ್ಲ. ನಾಲ್ಕು ವಾರಕ್ಕೊಮ್ಮೆ ತೋಳಿನ ಮಷೀನ್ ನೋಡಿ ಅದಕ್ಕೆ ನಂಬರ್ ನಾವೇ ಹೇಳಿಕೊಡಬೇಕು. ಹೇಳಿಕೊಟ್ಟ ದಿನ ಸರಿಯಾಗಿಯೇ ಇರುತ್ತದೆ, ಆಮೇಲೆ ಆ ನಂಬರಿನ ಸುತ್ತಮುತ್ತವೇ ಸುತ್ತುತ್ತದೆ. ಒಂದು ಸಲ ಅಮ್ಮ ಊರಿಗೆ ಹೋಗಿ ಮಾತ್ರೆ ತಪ್ಪಿಸಿಕೊಂಡು ಬಂದಾಗ ತೋಳಿನ ಮಷೀನ್ 164 ಅಂದಿತು, ವಾಚು 142. ಬಿಪಿ ಏರಿದ್ದು ಗೊತ್ತಾಗಲೇಬೇಕಾದ ದಿನವೇ ಅದಕ್ಕೆ ಗೊತ್ತಾಗಲಿಲ್ಲ. ಪಟ್ಟಿ ಇಲ್ಲದ ಉಪಕರಣಗಳನ್ನು ಬಿಪಿ ಕಾಯಿಲೆ ಪತ್ತೆಗೂ ಚಿಕಿತ್ಸೆಗೂ ಬಳಸಬೇಡಿ ಅಂತ ಯುರೋಪಿನ ಹೈಪರ್‌ಟೆನ್ಶನ್ ಸೊಸೈಟಿ 2023ರ ಮಾರ್ಗಸೂಚಿಯಲ್ಲಿ ಬರೆದಿದೆ. 2025ರಲ್ಲಿ ಆಪಲ್ ತನ್ನ ವಾಚಿಗೆ ತಂದ ಸೌಲಭ್ಯ ಇದಕ್ಕಿಂತ ಪ್ರಾಮಾಣಿಕ ಅನ್ನಿಸಿತು. ಅದು ನಂಬರ್ ಕೊಡುವುದೇ ಇಲ್ಲ, 30 ದಿನದ ಗುರುತು ನೋಡಿ ಬಿಪಿ ಇರಬಹುದು, ಪಟ್ಟಿ ಕಟ್ಟಿ ಪರೀಕ್ಷಿಸಿ ಅಂತ ಎಚ್ಚರಿಸುತ್ತದೆ, ಅಷ್ಟೇ.

ಯಾವ ಮಷೀನ್ ಆದರೂ ಕೂರುವ ರೀತಿ ಸರಿ ಇಲ್ಲದಿದ್ದರೆ ಎಲ್ಲವೂ ವ್ಯರ್ಥ. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು, ಮೂತ್ರಕ್ಕೆ ಹೋಗಿ ಬಂದಿರಬೇಕು, ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ, ಐದು ನಿಮಿಷ ಸುಮ್ಮನೆ ಕೂತು ಆಮೇಲೆ ಬಟನ್ ಒತ್ತಬೇಕು. ಮಾತಾಡಬಾರದು. ಅಮ್ಮನಿಗೆ ಇದೇ ಕಷ್ಟ, ಪಟ್ಟಿ ಬಿಗಿಯುತ್ತಿದ್ದ ಹಾಗೇ ಅಡುಗೆಮನೆಯಲ್ಲಿ ಹಾಲು ಇಟ್ಟಿದ್ದು ನೆನಪಾಗಿ ಮಾತು ಶುರು. ಅಷ್ಟಕ್ಕೇ ಹತ್ತು ಏರುತ್ತದೆ. ಎರಡು ಸಲ ನೋಡಿ ಸರಾಸರಿ ಬರೆಯಿರಿ. ಕ್ಲಿನಿಕ್‌ನಲ್ಲಿ 140/90 ಗಡಿ ಇಟ್ಟುಕೊಳ್ಳುವ ಡಾಕ್ಟರುಗಳು ಮನೆಯ ಅಳತೆಗೆ 135/85 ಇಟ್ಟುಕೊಳ್ಳುತ್ತಾರೆ, ಎರಡನ್ನೂ ಒಂದೇ ಅಂದುಕೊಂಡು ಸಮಾಧಾನ ಪಡಬೇಡಿ.

ಕೊನೆಗೆ ಮನೆಯಲ್ಲಿ ಉಳಿದದ್ದು ತೋಳಿನ ಮಷೀನ್ ಒಂದೇ, ಎರಡು ಸಾವಿರ ರೂಪಾಯಿ ಆಸುಪಾಸಿನದು, ಜೊತೆಗೆ ದೊಡ್ಡ ಪಟ್ಟಿ ಬೇರೆ ತಂದೆ. ಒಂದು ಸಲ ಅದನ್ನೇ ಚೀಲದಲ್ಲಿ ಹಾಕಿಕೊಂಡು ಡಾಕ್ಟರ್ ಹತ್ತಿರ ಹೋಗಿ ಅವರ ಅಳತೆಯ ಜೊತೆ ತಾಳೆ ನೋಡಿಕೊಂಡೆವು, ನೀವೂ ಮಾಡಿ. ಆದರೆ ನಾಡಿ ತಾಳ ತಪ್ಪಿ ಬಡಿಯುವವರಲ್ಲಿ ಈ ಮಷೀನಿನ ಲೆಕ್ಕ ಅಷ್ಟು ಗಟ್ಟಿ ಅಲ್ಲ. ಮಾವನಿಗೆ ನೋಡುವಾಗ ಪರದೆಯ ಮೇಲೆ ನಾಡಿ ಏರುಪೇರಿನ ಚಿಹ್ನೆ ಮತ್ತೆ ಮತ್ತೆ ಬಂತು, ಡಾಕ್ಟರ್ ಇಸಿಜಿ ಮಾಡಿಸಿದರು. ಈಗ ಅವರಿಗೆ ಮನೆಯಲ್ಲಿ ಮೂರು ಸಲ ನೋಡಿ ಸರಾಸರಿ ಬರೆಯುತ್ತೇವೆ, ಕ್ಲಿನಿಕ್‌ಗೆ ಹೋದಾಗ ಡಾಕ್ಟರ್ ಸ್ಟೆತಸ್ಕೋಪ್ ಇಟ್ಟೇ ಅಳೆಯುತ್ತಾರೆ.